ಅಳತೆ ರವಿಕೆ

ನನ್ನ ಹೊಲಿಗೆ ಕೋಣೆಯ ಮೊಳೆಗೆ ಮಾಸಲು ಹಸಿರು ರವಿಕೆಯೊಂದು ತೂಗುತ್ತಿತ್ತು. ಹೊಲಿಸಿಕೊಳ್ಳಲು ಬರುವ ಹೆಂಗಸರು ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಬಿಟ್ಟುಹೋಗುತ್ತಾರಲ್ಲ, ಹಾಗೆ ಅದು ನನ್ನದೇ ಅಳತೆ ರವಿಕೆ. ಕ್ಯಾನ್ಸರ್ ಎಂದು ಎಡಮೊಲೆ ತೆಗೆದ ಮೇಲೆ ನಾನದನ್ನು ಮುಟ್ಟಲಿಲ್ಲ, ತೆಗೆದೂ ಇಡಲಿಲ್ಲ. ಮೆಷಿನ್ನಿಗೆ ಹಳೆಯ ಸೀರೆ ಹೊದಿಸಿ ಬಾಗಿಲು ಎಳೆದುಕೊಂಡಿದ್ದೆ.

ಅಳು ಬರಲಿಲ್ಲ, ಅದೇ ಸೋಜಿಗ. ನೋಡಲು ಬಂದವರು ಎಳನೀರು ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಕಾಫಿ ಕೊಟ್ಟು, ಸಕ್ಕರೆ ಸಾಕೇ ಎಂದು ಕೇಳುತ್ತಿದ್ದೆ. ಒಳಗೆಲ್ಲ ಮರಗಟ್ಟಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಬೆರಳ ತುದಿಗಳೂ ಮರಗಟ್ಟಿದವು. ಒಮ್ಮೆ ಅಂಗಿಗೆ ಗುಂಡಿ ಹಾಕಲು ಕೂತಾಗ, ಸೂಜಿ ಚುಚ್ಚಿದ್ದು ತಿಳಿದದ್ದು ಬಟ್ಟೆ ಕೆಂಪಾದ ಮೇಲೆಯೇ. ಅಂದಿಗೆ ಹೊಲಿಗೆಯೂ ಮುಗಿಯಿತು ಎಂದುಕೊಂಡೆ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿ ಕೆಂಪನಂಜಮ್ಮನದು. ನನಗಿಂತ ಹಿರಿಯಳು. ಆಕೆಗೂ ಎಡಗಡೆಯದೇ ಹೋಗಿತ್ತು, ಬಾಯಿ ಮಾತ್ರ ಭದ್ರವಾಗಿತ್ತು. ನರಕ್ಕೆ ಔಷಧಿ ಇಳಿಯುತ್ತಿರುವಾಗಲೂ ಸಾಲಿನಲ್ಲಿ ಕೂತ ಹೆಂಗಸರನ್ನೆಲ್ಲ ಮಾತಾಡಿಸುತ್ತಿದ್ದಳು.

"ಏನವ್ವ, ಬಾಯ್ಗೆ ಬೀಗ ಹಾಕ್ಕೊಂಡ್ ಬಂದಿದ್ದೀಯಾ? ಏನ್ ಕೆಲ್ಸ ಮಾಡ್ತೀಯ?"

"ರವಿಕೆ ಹೊಲೀತಿದ್ದೆ."

ಆ ಒಂದು ಮಾತಾಡಿದ್ದೇ ತಪ್ಪಾಯಿತು. ಮುಂದಿನ ವಾರ ಆಕೆ ದಾರಿ ಕೇಳಿಕೊಂಡು ಮನೆಗೇ ಬಂದಳು. ಚೀಲದಿಂದ ಕೆಂಪು ರೇಷ್ಮೆಯ ರವಿಕೆ ಕಣ ತೆಗೆದಳು, ಅದರ ಜೊತೆ ತನ್ನ ಅಳತೆ ರವಿಕೆ.

"ಮಗಳ ಮದ್ವೆ ಕಣವ್ವ. ಧಾರೆ ಎರೀವಾಗ ಕೈ ಎತ್ಬೇಕು. ಸೆರಗು ಜಾರಿದ್ರೆ ಜನ ಮದುವಣಗಿತ್ತಿನ ನೋಡ್ತಾರಾ, ನನ್ನ ಎದೆ ನೋಡ್ತಾರಾ? ನಮ್ಮೂರ ಟೈಲರ್ ಗಂಡಸು, ಅವನಿಗೇನಂತ ಹೇಳ್ಲಿ? ನೀನೂ ಆಗಲ್ಲ ಅಂದ್ರೆ ನನ್ನ ವಾರಗಿತ್ತಿನೇ ಧಾರೆಗೆ ನಿಲ್ಸೋದು."

"ಅಕ್ಕ, ನನ್ನ ಬೆರಳು ಜೋಮು ಹಿಡಿದ್ಬಿಟ್ಟಿವೆ. ಸೂಜಿಗೆ ದಾರ ಪೋಣಿಸೋಕೂ ಆಗಲ್ಲ."

"ದಾರ ನಾ ಪೋಣಿಸ್ತೀನಿ. ಕಣ್ಣೇನು ಕೂದ್ಲು ಜೊತೆ ಉದುರಿ ಹೋಗಿಲ್ವಲ್ಲ!"

ವಾದಿಸಲು ತ್ರಾಣವಿರಲಿಲ್ಲ. ಮೆಷಿನ್ನಿನ ಮೇಲಿನ ಸೀರೆ ಎಳೆದೆ. ಆಕೆಯ ಅಳತೆ ರವಿಕೆ ಹಾಸಿ, ಅದಕ್ಕೆ ತಕ್ಕಂತೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೊಡಿಸಿದೆ. ಎಡಗಡೆ ಬಟ್ಟೆ ಜೋತುಬಿತ್ತು. ಕೆಂಪನಂಜಮ್ಮ ಕನ್ನಡಿ ನೋಡುತ್ತ ನಿಂತಳು. ಜೋತುಬಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು.

"ಇದು ಹಳೇ ಕೆಂಪನಂಜಮ್ಮಂಗೆ ಸರಿಹೋಗ್ತಿತ್ತು," ಎಂದಳು ಕಡೆಗೆ.

ಅಯ್ಯೋ, ನನ್ನ ದಡ್ಡತನವೇ! ಅದೇ ಕಾಯಿಲೆಯವಳಾಗಿ, ಹಳೆಯ ಅಳತೆಯನ್ನು ನಂಬಿ ಕತ್ತರಿ ಆಡಿಸಿದ್ದೆ. ನನಗೆ ನಾಚಿಕೆಯಾಯಿತು.

ಬಾಗಿಲು ಹಾಕಿ ಟೇಪು ತೆಗೆದುಕೊಂಡೆ. ಆಕೆ ರವಿಕೆ ತೆಗೆದಳು. ಗಾಯದ ಗೆರೆ ಕಂಕುಳವರೆಗೂ ಹೋಗಿತ್ತು. ನನ್ನದನ್ನೇ ನಾನು ಅಷ್ಟು ಹೊತ್ತು ನೋಡಿರಲಿಲ್ಲ. ಅದರ ಮೇಲೆ ಟೇಪು ಒತ್ತಿ ಹಿಡಿದೆ.

"ನೋವಾಗುತ್ತಾ ಅಕ್ಕ?"

"ಮುಟ್ಟಿದ್ದೇ ಗೊತ್ತಾಗಲ್ಲ ಕಣವ್ವ. ನಿನ್ನ ಬೆರಳಿಗೆ?"

"ನಂಗೂ ಗೊತ್ತಾಗ್ತಿಲ್ಲ."

ಆಕೆ ಗೊಳ್ಳೆಂದು ನಕ್ಕಳು. "ಒಳ್ಳೇ ಜೋಡಿ ಬಿಡು!"

ಹೊಲಿಗೆ ಬಿಚ್ಚಿ ಎಡಭಾಗವನ್ನು ಹೊಸ ಅಳತೆಗೆ ತಂದೆ. ಒಳಗೆ ಮೆತ್ತನೆಯ ಬಟ್ಟೆಯ ಜೇಬು ಕೂರಿಸಿದೆ. ಬರಿಯ ಹತ್ತಿ ತುಂಬಿದರೆ ಕೈ ಎತ್ತಿದಾಗ ಮೇಲಕ್ಕೆ ಸರಿಯುತ್ತದೆ, ಭಾರ ಬೇಕಿತ್ತು. ಅಡುಗೆಮನೆಯ ಸಾಸಿವೆ ಡಬ್ಬಿ ತಂದು, ಒಂದಿಷ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿದೆ. ಕೆಂಪನಂಜಮ್ಮ ಸಾಸಿವೆಯ ಗಂಟನ್ನು ಒಂದು ಕೈಯಲ್ಲಿ ತೂಗಿ, ಇನ್ನೊಂದು ಕೈಯಿಂದ ಬಲಗಡೆಯದನ್ನು ತೂಗಿ, "ಇನ್ನೊಂದು ಹಿಡಿ ಹಾಕು, ಜಿಪುಣಿ," ಎಂದಳು. ದಾರ ಮುಗಿದಾಗಲೆಲ್ಲ ಪೋಣಿಸಿಕೊಟ್ಟಳು.

ಮದುವೆಗೆ ನಾನು ಹೋಗಲಿಲ್ಲ. ಹೋಗಬೇಕೆಂದು ಅನಿಸಲೂ ಇಲ್ಲ. ಅದು ಮುಗಿದ ಮೇಲೆ ಆಕೆಯೇ ಎಲೆಯಲ್ಲಿ ಲಾಡು ಕಟ್ಟಿಕೊಂಡು ಹೊಲಿಗೆ ಕೋಣೆಗೇ ಬಂದಳು.

"ಧಾರೆ ನಾನೇ ಎರೆದೆ ಕಣವ್ವ. ಸೆರಗು ಜಾರ್ತು, ನೋಡು, ಜಾರೇ ಬಿಡ್ತು! ಒಬ್ರೂ ನನ್ನ ಕಡೆ ತಿರುಗ್ಲಿಲ್ಲ. ಎಲ್ರೂ ನನ್ನ ಮಗಳನ್ನೇ ನೋಡ್ತಿದ್ರು."

ಹಾಗೆಂದವಳು ಒಗೆದು ಮಡಿಸಿದ್ದ ಕೆಂಪು ರವಿಕೆಯನ್ನು ನನ್ನ ಕೈಗಿಟ್ಟಳು. "ಇನ್ಮೇಲೆ ಇದೇ ನನ್ನ ಅಳತೆ. ಹಳೇದು ಮಸಿಬಟ್ಟೆ ಮಾಡ್ಕೋ. ಆಸ್ಪತ್ರೆ ಸಾಲಿನೋರೆಲ್ಲ ಕಣ ಹಿಡ್ಕೊಂಡ್ ಬರ್ತಾರೆ, ತಯಾರಾಗಿರು."

ಆಕೆಯ ಕಣ್ಣು ಮೊಳೆಯ ಕಡೆ ಹೋಯಿತು. "ಇದ್ಯಾರ್ದು?"

"ನಂದು," ಎಂದೆ. "ಹಳೇದು."

ಆಕೆ ಹಸಿರು ರವಿಕೆಯನ್ನು ಇಳಿಸಿ, ತನ್ನದನ್ನು ಅಲ್ಲಿ ತೂಗುಹಾಕಿದಳು. ನನ್ನ ಕೊರಳಿನಿಂದ ಟೇಪು ತೆಗೆದುಕೊಂಡು ಬಾಗಿಲು ಹಾಕಿದಳು.

"ಕೈ ಎತ್ತು."

ಎತ್ತಿದೆ. ಟೇಪು ಎದೆಯ ಎಡಗಡೆ ಹಾದುಹೋದದ್ದು ತಿಳಿಯಲೇ ಇಲ್ಲ. ಬೆನ್ನಿಗೆ ಬಂದಾಗ ತಣ್ಣಗೆ ತಾಗಿತು.