ಹಿಂಬದಿ ಖಾಲಿಯಿದ್ದ ಸರ್ಟಿಫಿಕೇಟು

ಶ್ಯಾಮಸುಂದರನ ಕೈಗೆ ಯಾರೇ ಸರ್ಟಿಫಿಕೇಟು ಕೊಡಲಿ, ಅವನು ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದ. ಮುಂದುಗಡೆ ಯಾರು ಏನು ಬೇಕಾದರೂ ಅಚ್ಚು ಹಾಕಿಸಬಹುದು, ನಿಜವಿರುವುದು ಹಿಂದಿನ ಮುದ್ರೆಗಳಲ್ಲಿ ಎಂಬುದು ಅವನ ನಂಬಿಕೆ. ವಿಶ್ವವಿದ್ಯಾಲಯದ್ದೊಂದು, ದಿಲ್ಲಿಯದೊಂದು, ರಾಯಭಾರ ಕಚೇರಿಯದೊಂದು, ಕೊನೆಗೆ ಮಸ್ಕತ್ತಿನ ಸಚಿವಾಲಯದ್ದೊಂದು. ಮೈಸೂರಿನಿಂದ ಮಸ್ಕತ್ತಿಗೆ ಬಂದು, ಅಲ್ಲಿನ ಮತ್ರಾ ಪೇಟೆಯ ಹಳೆಯ ಭಾರತೀಯ ವ್ಯಾಪಾರಿ ಮನೆತನವೊಂದರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ನೌಕರರ ಕಾಗದಪತ್ರ ನೋಡಿದವನು. ಒಂದೇ ಒಂದು ಖೋಟಾ ಕಾಗದ ಅವನ ಮೇಜು ದಾಟಿರಲಿಲ್ಲ. ಅದರ ಜಂಬವೂ ಸ್ವಲ್ಪ ಇತ್ತೆನ್ನಿ.

ಆ ಬೆಳಿಗ್ಗೆ ಆಲ್ಬಿನಾ ಎಂಬ ಹೆಂಗಸು ಕೊಟ್ಟ ಸರ್ಟಿಫಿಕೇಟಿನ ಹಿಂಬದಿ ಬೋಳು ಬೋಳಾಗಿತ್ತು. ಸಾಲದ್ದಕ್ಕೆ ಲ್ಯಾಮಿನೇಷನ್ ಬೇರೆ.

“ಸೀಲ್ ಎಲ್ಲಮ್ಮಾ ಇದಕ್ಕೆ?”

“ಆನ್‌ಲೈನ್ ಕೋರ್ಸ್ ಅಲ್ವಾ ಸರ್, ಸೀಲ್ ಹಾಕುದಿಲ್ಲ. ಕೆಳಗೆ ಒಂದು ನಂಬರ್ ಉಂಟು. ವೆಬ್‌ಸೈಟಲ್ಲಿ ಹಾಕಿದ್ರೆ ನನ್ನ ಹೆಸರು ಬರ್ತದೆ.”

“ಹೆಸರು ಬರತ್ತೆ, ಸರಿ. ಕೆಲಸ ಬರತ್ತೋ ಇಲ್ವೋ ಅಂತ ವೆಬ್‌ಸೈಟ್ ಹೇಳತ್ತಾ? ಅದಿರಲಿ, ಲ್ಯಾಮಿನೇಟ್ ಯಾಕೆ ಮಾಡಿಸಿದ್ರಿ? ಇದರ ಮೇಲೆ ಸೀಲ್ ಒತ್ತಿದ್ರೂ ನಿಲ್ಲಲ್ಲ.”

ಆಲ್ಬಿನಾಳ ಮುಖ ಕೆಂಪಾಯಿತು. “ನನ್ನ ಗಂಡ ಸ್ಟ್ಯಾನ್ಲಿ ಪ್ರೀತಿಯಲ್ಲಿ ಮಾಡಿಸಿ ತಂದದ್ದು. ಹಳೇ ಕಾಗದ ಉಳಿಸುವ ಕೋರ್ಸ್ ಸರ್ ಇದು, ಲ್ಯಾಮಿನೇಟ್ ಮಾಡ್ಬಾರ್ದು ಅಂತಲೇ ಮೊದಲ ಪಾಠ. ಎರಡು ದಿನ ನಾನು ಅವರ ಹತ್ರ ಮಾತಾಡ್ಲಿಲ್ಲ.”

ಉಡುಪಿಯ ಕಾಲೇಜೊಂದರ ಗ್ರಂಥಾಲಯದಲ್ಲಿದ್ದವಳು, ಮದುವೆಯಾಗಿ ಮಸ್ಕತ್ತಿನ ಅಲ್ ಹೈಲ್ ಬಡಾವಣೆಗೆ ಬಂದು ಒಂಬತ್ತು ವರ್ಷವಾಗಿತ್ತು. ಅಡುಗೆಮನೆಯ ಮೇಜಿನ ಮುಂದೆ ಎರಡು ವರ್ಷ ಕೂತು ಹಳೆಯ ಕಾಗದ, ಫೋಟೊಗಳನ್ನು ಉಳಿಸುವ ವಿದ್ಯೆ ಕಲಿತಿದ್ದಳು. ಈ ಮನೆತನ ತನ್ನ ಹಳೆಯ ದಾಖಲೆಗಳನ್ನು ಜೋಪಾನ ಮಾಡಲು ಒಬ್ಬರನ್ನು ಹುಡುಕುತ್ತಿತ್ತು.

“ಇದು ಹದಿನೈದನೇ ಜಾಗ ಸರ್,” ಎಂದಳು. “ಎಲ್ಲರೂ ತಿರುಗಿಸಿ ನೋಡಿ ವಾಪಸ್ ಕೊಟ್ಟದ್ದೇ. ಇದೂ ಆಗದಿದ್ರೆ ಇನ್ನು ಅರ್ಜಿ ಹಾಕುದಿಲ್ಲ ಅಂತ ಮಾಡಿದ್ದೇನೆ.”

ಶ್ಯಾಮಸುಂದರನೂ ವಾಪಸ್ ಕೊಡುವವನೇ. ಅಷ್ಟರಲ್ಲಿ ಯಜಮಾನರ ಮಗ ಅನೂಪ್ ಒಂದು ಪೊಟ್ಟಣ ಹಿಡಿದು ಒಳಗೆ ಬಂದ. ಹಿಂದಿನ ಮಳೆಗೆ ಗಲ್ಲಿಯ ನೀರು ಗೋದಾಮಿಗೆ ನುಗ್ಗಿದಾಗ ನೆನೆದು, ಒಣಗಿ, ಇಟ್ಟಿಗೆಯಂತೆ ಗಟ್ಟಿಯಾಗಿದ್ದ ಐದು ಫೋಟೊಗಳು ಅದರಲ್ಲಿದ್ದವು. ಅನೂಪನ ತಂದೆಗೆ ಎಂಬತ್ತು ದಾಟಿದೆ. ಅವರು ಎರಡು ವರ್ಷದವರಿದ್ದಾಗ ಅವರ ತಾಯಿ ತೀರಿಕೊಂಡರು. ಆಕೆಯ ಇದ್ದೊಂದು ಫೋಟೊ ಆ ಗಂಟಿನೊಳಗೆ ಸಿಕ್ಕಿಬಿದ್ದಿತ್ತು. ಕಾಗದ ಹಾಗಿರಲಿ, ಇದನ್ನು ಬಿಡಿಸುತ್ತಾರಾ ಕೇಳಿ ಎಂದು ಅವನು ಹಿಂದಿಯಲ್ಲಿ ಶ್ಯಾಮಸುಂದರನಿಗೆ ಹೇಳಿದ.

ಆಲ್ಬಿನಾ ತಕ್ಷಣ ಕೈ ಹಾಕಲಿಲ್ಲ. ಭೂತಗನ್ನಡಿ ಹಿಡಿದು ಅಂಚುಗಳನ್ನು ಹತ್ತು ನಿಮಿಷ ನೋಡಿದಳು. ಒಂದು ಮೂಲೆಗೆ ಒಂದೇ ಹನಿ ನೀರು ಬಿಟ್ಟು ಕಾದಳು. ಆಮೇಲೆ ಡಿಸ್ಟಿಲ್ಡ್ ವಾಟರ್, ಐಸು, ಅಗಲ ತಟ್ಟೆ ಕೇಳಿದಳು.

“ನೀರಿಗೆ ಹಾಕ್ತೀರಾ?” ಶ್ಯಾಮಸುಂದರ ಗಾಬರಿಯಾದ. “ನೀರಿಂದಲೇ ಅಲ್ವೇನಮ್ಮಾ ಹಾಳಾಗಿದ್ದು!”

“ಹೌದು ಸರ್. ನೀರಲ್ಲಿ ಅಂಟಿದ್ದನ್ನು ನೀರೇ ಬಿಡಿಸ್ಬೇಕು. ನಾವು ಎಳೆದ್ರೆ ಹರೀತದೆ.”

ಗಂಟು ತಣ್ಣೀರಿನ ತಳಕ್ಕೆ ಇಳಿಯಿತು. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಅನೂಪ್ ಎರಡು ಸಲ ಗಡಿಯಾರ ನೋಡಿದ. ಇದನ್ನು ಎಲ್ಲಿ ಅಭ್ಯಾಸ ಮಾಡಿದಿರಿ ಎಂದು ಶ್ಯಾಮಸುಂದರ ಕೊಂಕಾಗಿಯೇ ಕೇಳಿದ.

“ನಮ್ಮ ಮದುವೆ ಆಲ್ಬಮಲ್ಲಿ ಸರ್. ಹನ್ನೊಂದು ಫೋಟೊ ಹಾಳಾದ ಮೇಲೆ ಕೈ ಕೂತದ್ದು. ಸ್ಟ್ಯಾನ್ಲಿಗೆ ಇನ್ನೂ ಗೊತ್ತಿಲ್ಲ.”

ಶ್ಯಾಮಸುಂದರ ನಗಬೇಕೆಂದುಕೊಂಡ. ಅಷ್ಟರಲ್ಲಿ ಮೇಲಿನ ಫೋಟೊ ಯಾರೂ ಮುಟ್ಟದೆಯೇ ಅಲುಗಿತು. ಅಂಚು ಮೆಲ್ಲಗೆ ಎದ್ದಿತು. ಆಲ್ಬಿನಾ ಅದರ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ತೂರಿಸಿ, ನಿದ್ದೆಹೋದ ಕೂಸನ್ನು ಎತ್ತುವಂತೆ ಎತ್ತಿದಳು. ಹಾಯಿ ಬಿಚ್ಚಿದ ಹಡಗೊಂದು. ಎರಡನೆಯದರಲ್ಲಿ ರಸ್ತೆ ಬರುವುದಕ್ಕೂ ಮುಂಚಿನ ಮತ್ರಾದ ಕಡಲಂಚು. ಮನೆಯ ಗೋಡೆಗೇ ಅಲೆ ಬಡಿಯುತ್ತಿತ್ತು.

ಮೂರನೆಯದರಲ್ಲಿ ನೀರಿನೊಳಗಿಂದ ಒಂದು ಮುಖ ನೋಡಿತು. ಕಿಟಕಿಯ ಪಕ್ಕ ಕೂತ ಎಳೆಯ ಹೆಣ್ಣು, ತೊಡೆಯ ಮೇಲೆ ಕೂಸು. ಅನೂಪನ ಹುಬ್ಬು, ಅನೂಪನ ಮೂಗು. ಅನೂಪ್ ತಟ್ಟೆಯ ಮೇಲೆ ಬಗ್ಗಿದ. ಶ್ಯಾಮಸುಂದರ ದೇವಸ್ಥಾನದಲ್ಲಿ ನಿಂತವನಂತೆ ಅರಿವಿಲ್ಲದೆ ಚಪ್ಪಲಿ ಬಿಟ್ಟಿದ್ದ.

ಉಳಿದೆರಡು ಇನ್ನೂ ಅಂಟಿಕೊಂಡೇ ಇದ್ದವು. ಅವುಗಳಲ್ಲೂ ಅಜ್ಜಿ ಇರಬಹುದು, ಯಲ್ಲಾ, ಬೇಗ ಬೇಗ ಬಿಡಿಸಿಬಿಡಿ ಎಂದು ಅನೂಪ್ ಅವಸರ ಮಾಡಿದ. ಆಲ್ಬಿನಾ ಬಗ್ಗಿ ನೋಡಿ, ಎರಡನ್ನೂ ಒಟ್ಟಿಗೇ ಹೊರಗೆ ತೆಗೆದುಬಿಟ್ಟಳು. ಅವಳ ಹಿಂದಿ ಅಷ್ಟಕ್ಕಷ್ಟೆ. ಶ್ಯಾಮಸುಂದರನ ಕಡೆ ತಿರುಗಿದಳು.

“ಅವರಿಗೆ ಹೇಳಿ ಸರ್, ಇದರಲ್ಲಿ ಚಿತ್ರದ ಪದರವೇ ಜಾರ್ತಾ ಉಂಟು. ಇದು ನಾನು ಕಲಿತದ್ದಕ್ಕಿಂತ ದೊಡ್ಡದು. ಒದ್ದೆ ಇರುವಾಗಲೇ ಫ್ರೀಜರಲ್ಲಿಟ್ಟು, ಗೊತ್ತಿದ್ದವರಿಗೆ ಕಳಿಸುವ.”

ಅರ್ಧಕ್ಕೆ ಬಿಡುವುದಾದರೆ ಇವರನ್ನು ತೆಗೆದುಕೊಂಡು ಏನು ಪ್ರಯೋಜನ ಎಂದ ಅನೂಪ್. ಅಷ್ಟು ಹಿಂದಿ ಅವಳಿಗೆ ಅರ್ಥವಾಯಿತು. ಮುಖ ಬಾಡಿತು, ಆದರೆ ಕೈ ಮತ್ತೆ ನೀರಿಗೆ ಹೋಗಲಿಲ್ಲ.

“ಕೆಲಸ ಸಿಗದಿದ್ರೆ ಬೇಡ ಸರ್. ಗೊತ್ತಿಲ್ಲದ್ದನ್ನು ಮಾಡಿ ಅದನ್ನು ಹಾಳು ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಶ್ಯಾಮಸುಂದರ ಅವಳನ್ನೇ ನೋಡುತ್ತ ನಿಂತ. ನಾಲ್ಕು ಮುದ್ರೆಯವರನ್ನು ಅವನು ಸಾವಿರಾರು ಮಂದಿ ಕಂಡಿದ್ದ. ಏನು ಕೇಳಿದರೂ ‘ಬರತ್ತೆ ಸಾರ್’ ಎಂದವರೇ ಎಲ್ಲ. ನನಗೆ ಇಷ್ಟೇ ಬರುವುದು ಎಂದು, ಅದೂ ಕೆಲಸ ಕೈತಪ್ಪುವ ಹೊತ್ತಿನಲ್ಲಿ, ಒಬ್ಬರೂ ಹೇಳಿರಲಿಲ್ಲ. ನೀರಿನಲ್ಲಿ ಮುಖ ಎದ್ದದ್ದಕ್ಕಿಂತ ಇದೇ ಅವನಿಗೆ ದೊಡ್ಡ ಅಚ್ಚರಿಯಾಯಿತು.

ಅವನು ಮೇಜಿಗೆ ಹೋಗಿ ನೇಮಕಾತಿಯ ಫಾರಂ ತೆಗೆದ. ‘ಅರ್ಹತೆಯನ್ನು ದೃಢೀಕರಿಸಿದವರು’ ಎಂಬ ಜಾಗದಲ್ಲಿ ಇಪ್ಪತ್ತಾರು ವರ್ಷ ಯಾವುದಾದರೊಂದು ಕಚೇರಿಯ ಹೆಸರು ಬರೆದಿದ್ದ. ಈ ಸಲ ತನ್ನ ಹೆಸರು ಬರೆದು ಸಹಿ ಹಾಕಿದ.

ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಎಂದು ಅನೂಪ್ ಕೇಳಿದ. ಅವನ ಕಣ್ಣು ಇನ್ನೂ ಬ್ಲಾಟಿಂಗ್ ಪೇಪರಿನ ಮೇಲೆ ಒಣಗುತ್ತಿದ್ದ ಅಜ್ಜಿಯ ಮೇಲೇ ಇತ್ತು.

“ನನ್ನನ್ನು ಕೇಳಲಿ,” ಎಂದ ಶ್ಯಾಮಸುಂದರ. ಅನೂಪ್ ಫಾರಂ ಎಳೆದುಕೊಂಡು ತಾನೂ ಸಹಿ ಮಾಡಿದ. ಆಮೇಲೆ ಎರಡು ಫೋಟೊಗಳನ್ನು ತಾನೇ ಫ್ರೀಜರಿಗೆ ಒಯ್ದ.

ಶ್ಯಾಮಸುಂದರ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಸರ್ಟಿಫಿಕೇಟಿನ ಮುಂಭಾಗವನ್ನು ಮೊದಲಕ್ಷರದಿಂದ ಓದತೊಡಗಿದ.