ತಾನ್ಯಾಳ ಕೋಣೆಯ ಚೀನೀ ಕುದುರೆಗಳು

ನನ್ನ ಗಂಡ ಕಜೆತಾನ್ ಕತಾರಿನ ದುಖಾನಿನ ತೈಲ ಕಂಪನಿಯಲ್ಲಿ ಫೈಲುಗಳಿಗೆ ನಂಬರ್ ಹಾಕುವ ಕೆಲಸದವರು. ದೋಹಾದ ಅಬು ಹಮೂರಿನ ನಮ್ಮ ಮನೆಗೆ ಕಾಲಿಟ್ಟರೆ ಮಾತ್ರ ಸಾಕ್ಷಾತ್ ಚೀನಾದ ಚಕ್ರವರ್ತಿ. ಸಾವಿರದ ಮುನ್ನೂರು ವರ್ಷ ಹಿಂದೆ ಅಲ್ಲಿನ ಶ್ರೀಮಂತರು ಸತ್ತರೆ ಗೋರಿಯೊಳಗೆ ಮಣ್ಣಿನ ಕುದುರೆ, ಒಂಟೆ, ದಪ್ಪ ಕೆನ್ನೆಯ ದಾಸಿಯರನ್ನು ಜೊತೆಗಿಡುತ್ತಿದ್ದರಂತೆ, ಹಸಿರು, ಹಳದಿ, ಬಿಳಿ ಮೆರುಗು ಕೊಟ್ಟು ಸುಟ್ಟು. ಅಂಥ ಹದಿನಾಲ್ಕನ್ನು ಇವರು ಆನ್‌ಲೈನ್ ಹರಾಜಿನಲ್ಲಿ ಹಿಡಿದು ತಂದಿದ್ದರು. ಅವಕ್ಕೆ ಏಸಿ ಕೋಣೆಯೇ ಆಗಬೇಕು. ಹಾಗಾಗಿ ಹನ್ನೆರಡನೇ ಕ್ಲಾಸಿನ ನಮ್ಮ ಮಗಳು ತಾನ್ಯಾಳ ಕೋಣೆ ಕುದುರೆಗಳ ಪಾಲಾಯಿತು, ಅವಳ ಹಾಸಿಗೆ ಹಾಲಿನ ಸೋಫಾದ ಹಿಂದಕ್ಕೆ ಬಂತು. ಎರಡು ವರ್ಷದಿಂದ ಆ ಮಗು ಬಂದುಹೋಗುವವರ ಗಲಾಟೆಯಲ್ಲೇ ಓದುತ್ತಿತ್ತು. ನನಗೆ ಬೇಕಿದ್ದದ್ದು ಇಷ್ಟೇ, ಅವಳ ಕೋಣೆ ಅವಳಿಗೆ ವಾಪಸ್ ಸಿಗಬೇಕು.

ಅಷ್ಟರಲ್ಲಿ ಕಜೆತಾನರ ಅಕ್ಕ ರೋಸಲಿನ್, ನಮ್ಮ ಕೊಂಕಣಿಯಲ್ಲಿ ಎಲ್ಲರಿಗೂ ‘ಬಾಯಿ’, ವಿಸಿಟ್ ವೀಸಾದಲ್ಲಿ ಊರಿಂದ ಬಂದರು. ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು.

“ಇದೆಲ್ಲ ಎಲ್ಲಿಯದ್ದು ಮಾರಾಯ?”

“ಗೋರಿಯದ್ದು ಬಾಯಿ. ಪಕ್ಕಾ ಅಸಲಿ!” ಎಂದರು ಇವರು ಎದೆಯುಬ್ಬಿಸಿ.

“ಜೆಜು! ಸತ್ತವರ ಸಾಮಾನು ಮನೆಯೊಳಗೆ ತಂದಿಟ್ಟಿದ್ದೀಯಲ್ಲ, ನಿನ್ನ ಮಂಡೆ ಸಮ ಉಂಟಾ?”

ನಮ್ಮ ಕ್ರೈಸ್ತರಲ್ಲಿ ತೀರಿಕೊಂಡವರ ಹೆಸರಿನಲ್ಲಿ ಇಗರ್ಜಿಯಲ್ಲಿ ಪೂಜೆಗೆ ಕೊಡುವುದು ವಾಡಿಕೆ. ಅಕ್ಕನ ಬಾಯಿ ಮುಚ್ಚಿಸಲು ಇವರು ಅದನ್ನೇ ಮಾಡಿದರು. ಶುಕ್ರವಾರದ ಪೂಜೆಯಲ್ಲಿ, ಯಾರದೋ ಅಜ್ಜನ ಹೆಸರು, ಯಾರದೋ ಅತ್ತೆಯ ಹೆಸರು ಓದಿದ ಬೆನ್ನಿಗೆ, “ಚೀನಾ ದೇಶದ ಹದಿನಾಲ್ಕು ಅಗಲಿದ ಆತ್ಮಗಳಿಗಾಗಿ” ಎಂದು ಮೈಕಿನಲ್ಲಿ ಕೇಳಿಸಿತು. ನಗು ತಡೆಯಲಾರದೆ ನಾನು ಕೆಮ್ಮಿದೆ. ಉಳಿದವರೆಲ್ಲ ಭಕ್ತಿಯಿಂದ ತಲೆ ತಗ್ಗಿಸಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಮೆರವಣಿಗೆ. ಇಗರ್ಜಿಯಲ್ಲೇ ಪೂಜೆಯಾದ ಮೇಲೆ ಬೇರೆ ಸರ್ಟಿಫಿಕೇಟ್ ಎಂತಕ್ಕೆ? ಅಲ್ ಹಿಲಾಲಿನ ಟೋನಿ ದಂಪತಿ ಬಂದರು, ಅವರ ನೆಂಟರು ಬಂದರು, ನೆಂಟರ ಆಫೀಸಿನವರು ಬಂದರು. ಇವರು ಬಿಳಿ ಕೈಗವಸು ಹಾಕಿಕೊಂಡು ಒಂಟೆ ತೋರಿಸುವುದು, ನಾನು ಚಹಾ ಸೋಸುವುದು. ಬಾಯಿಗೆ ಮಾತ್ರ ಸಮಾಧಾನವಿಲ್ಲ. ದಿನಾ ಸಂಜೆ ಕುದುರೆಗಳ ಮೇಲೆ ಪವಿತ್ರ ಜಲ ಎರಚುತ್ತಿದ್ದರು. ನೀರು ಬಿದ್ದಲ್ಲೆಲ್ಲ ಸಾವಿರ ವರ್ಷದ ಗೋರಿಮಣ್ಣು ಕರಗಿ, ಕುದುರೆಯ ಕಾಲಿನುದ್ದಕ್ಕೂ ಚಹಾದ ಬಣ್ಣದಲ್ಲಿ ಇಳಿಯುತ್ತಿತ್ತು.

“ಕಂಡೆಯಾ? ಆತ್ಮ ಬಿಟ್ಟುಹೋಗ್ತಾ ಉಂಟು,” ಎಂದರು ಬಾಯಿ. ಇವರೂ ಹೌದೆಂದು ತಲೆಯಾಡಿಸಿದರು!

ಜಂಬ ನೆತ್ತಿಗೇರಿದ ಮೇಲೆ ಕೇಳಬೇಕೇ? ಯಾರದೋ ಪರಿಚಯ ಹಿಡಿದು, ದೋಹಾಕ್ಕೆ ಬಂದಿದ್ದ ಒಬ್ಬ ಚೀನೀ ತಜ್ಞೆಯನ್ನು ಮನೆಗೆ ಕರೆತಂದರು. ಆ ಮುದುಕಿ ಕುದುರೆಯನ್ನು ಮಗುಚಿ ಹೊಟ್ಟೆ ನೋಡಿದಳು, ಮಣ್ಣನ್ನು ಒದ್ದೆ ಬೆರಳಿನಿಂದ ಉಜ್ಜಿದಳು. ಹಾಲಿಗೆ ಬಂದು ಕೂತು ಮೆಲ್ಲಗೆ ಹೇಳಿದಳು, ಎಲ್ಲ ಕಾರ್ಖಾನೆಯ ಮಾಲು, ಮಣ್ಣು ಅಂಟು ಹಾಕಿ ಮೆತ್ತಿದ್ದು, ಹದಿನಾಲ್ಕರಲ್ಲಿ ಒಂದಕ್ಕೂ ಇಪ್ಪತ್ತು ವರ್ಷ ದಾಟಿಲ್ಲ ಎಂದು. ಬಾಯಿ ಇಗರ್ಜಿಗೆ ಹೋಗಿದ್ದರು, ನಾನು ಚಹಾದ ಟ್ರೇ ಹಿಡಿದು ನಿಂತಿದ್ದೆ. ತಾನ್ಯಾ ಸೋಫಾದ ಹಿಂದೆ ಲೆಕ್ಕ ಬಿಡಿಸುತ್ತಿದ್ದಳು. ತಜ್ಞೆ ಹೋದ ಮೇಲೆ ಇವರು ನಮ್ಮಿಬ್ಬರ ಕಡೆ ತಿರುಗಿ, “ಯಾರ ಹತ್ರವೂ ಬಾಯಿ ಬಿಡ್ಲಿಕ್ಕಿಲ್ಲ. ಖಲಾಸ್,” ಎಂದರು.

ಬಾಯಿ ಹೊರಡುವ ಹಿಂದಿನ ದಿನ ಮಧ್ಯಾಹ್ನ ಟೋನಿ ದಂಪತಿ ಊಟಕ್ಕಿದ್ದರು. ಬಾಯಿ ತಟ್ಟೆ ಸರಿಸಿ ಕೂತರು. “ಸತ್ತವರ ಸಾಮಾನು ಈ ಮನೆಯಿಂದ ಹೊರಗೆ ಹೋಗ್ಲಿಲ್ಲಾಂದ್ರೆ ನಾನು ವಿಮಾನ ಹತ್ತುವುದಿಲ್ಲ. ವಯಸ್ಸಿಗೆ ಬಂದ ಹುಡುಗಿ ಇರುವ ಮನೆ ಇದು.”

ನನಗೆ ಬೇಕಾದದ್ದು ಕಾಲ ಬುಡಕ್ಕೇ ಬಂದಿತ್ತು. “ಸತ್ತವರದ್ದಲ್ಲ, ನಕಲಿ ಅಂತ ಹೇಳಿಬಿಡಿ ಮಾರಾಯ್ರೆ,” ಎಂದೆ ನಗುತ್ತಲೇ. “ಬಾಯಿ ನಿಶ್ಚಿಂತೆಯಿಂದ ಹೋಗ್ತಾರೆ. ಕುದುರೆ ಬಾಲ್ಕನಿಗೆ, ತಾನ್ಯಾ ಕೋಣೆಗೆ.” ಹೇಳಿದರೂ ಕೋಣೆ ಖಾಲಿ, ಹೇಳದಿದ್ದರೂ ಖಾಲಿ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಇವರು ಟೋನಿಯ ಮುಖ ನೋಡಿದರು. ಆಮೇಲೆ ತಾನ್ಯಾಳನ್ನು ನೋಡಿದರು. ಅವಳು ಊಟ ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು.

“ಅಸಲಿ,” ಎಂದರು. “ನೂರಕ್ಕೆ ನೂರು. ದುಖಾನಿನಲ್ಲಿ ಕಂಪನಿ ಕ್ವಾರ್ಟರ್ಸ್ ಸಿಗ್ತದೆ. ಇವನ್ನೆಲ್ಲ ತೆಗೆದುಕೊಂಡು ನಾನೇ ಅಲ್ಲಿಗೆ ಹೋಗಿ ಇರ್ತೇನೆ.”

ಮರುದಿನ ಇವರು ಹೋಗಿಯೂ ಬಿಟ್ಟರು. ದೊಡ್ಡ ಕುದುರೆಗೆ ಮುಂದಿನ ಸೀಟು, ಸೀಟ್ ಬೆಲ್ಟು, ಕತ್ತಿನ ಸುತ್ತ ನನ್ನ ಒಳ್ಳೆಯ ಟವೆಲು. ಸಂಜೆ ಫೋನ್ ಮಾಡಿ, “ಒಂದಕ್ಕೂ ಪೆಟ್ಟಾಗ್ಲಿಲ್ಲ ಎಡ್ನಾ!” ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೋಣೆ ಗುಡಿಸಿದೆ, ಹೊಸ ಬೆಡ್‌ಶೀಟ್ ಹಾಸಿದೆ, ಗೆದ್ದ ಖುಷಿಯಲ್ಲಿ ತಾನ್ಯಾಳನ್ನು ಕೂಗಿದೆ.

ಅವಳು ಬಂದು ಹಾಸಿಗೆಯ ತುದಿಯಲ್ಲಿ ಕೂತಳು.

“ನಕಲಿ ಅಂತ ಒಂದೇ ವರ್ಡ್ ಅಲ್ವಾ ಮಮ್ಮಿ?” ಎಂದಳು. “ನನಗೋಸ್ಕರ ಅದನ್ನೂ ಹೇಳ್ಲಿಕ್ಕೆ ಆಗ್ಲಿಲ್ವಾ ಪಪ್ಪಾಗೆ?”

ಪೊರಕೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಬಾಗಿಲ ಹಿಂದೆ ಇಟ್ಟು, ಅವಳ ಪಕ್ಕದಲ್ಲಿ ಕೂತೆ.