ಐದನೆಯ ನಿಂಬೆಹಣ್ಣು

ನಾನು ಒಂದು ಕಾರಿನ ಐದನೆಯ ಚಕ್ರ. ಸ್ಟೆಪ್ನಿ ಅಂತ ಕರೆಯುತ್ತಾರಲ್ಲ, ಅದೇ. ಕಾದ ಅಚ್ಚಿನೊಳಗೆ ಬೆಂದು ಹಬೆಯಾಡುತ್ತಾ ಹೊರಬಿದ್ದಾಗ ನನಗೂ ಉಳಿದ ನಾಲ್ವರಿಗೂ ಒಂದೇ ಬಣ್ಣ, ಒಂದೇ ವಾಸನೆ. ಆಮೇಲೆ ಅವರನ್ನು ಕಾರಿನ ಕೆಳಗೆ ಜೋಡಿಸಿದರು. ನನ್ನನ್ನು ಡಿಕ್ಕಿಯ ತಳದಲ್ಲಿ ಮಲಗಿಸಿ, ಬೋಲ್ಟು ಬಿಗಿದು, ಮೇಲೆ ಚಾಪೆ ಹೊದಿಸಿದರು. ಚಳಿಯಾಗುತ್ತಿದೆ ಅಂತ ನಾನೇನು ಕೇಳಿದ್ದೆನೆ?

ನಮ್ಮ ಯಜಮಾನರು ಮೈಸೂರಿನ ಪುಟ್ಟಾರಾಧ್ಯರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕೋಟೆ ಎಂದರೆ ಅವರಿಗೆ ಪ್ರಾಣ. ಹೆಂಡತಿ ಸರ್ವಮಂಗಳಮ್ಮನಿಗೆ ದೇವಸ್ಥಾನ. ಹೀಗಾಗಿ ಪ್ರವಾಸದ ಮಾತು ಶುರುವಾದರೆ ಜಗಳವೂ ಜೊತೆಯಲ್ಲೇ ಶುರು. ಒಂದು ಬೆಳಿಗ್ಗೆ ಡಿಕ್ಕಿ ತೆರೆದು ಗುಡಿಸುತ್ತಾ ಇಬ್ಬರೂ ಕೂತು ದಾರಿ ಗೊತ್ತುಮಾಡಿದರು.

"ಮೊದಲು ಮೇಲುಕೋಟೆ, ಆಮೇಲೆ ಬೇಲೂರು, ಹಳೇಬೀಡು. ಸಾಕು," ಎಂದರು ಅಮ್ಮ.

"ಮಂಜರಾಬಾದ್ ಕೋಟೆ? ಚಿತ್ರದುರ್ಗ?"

"ಕೋಟೇಲಿ ಏನ್ರೀ ಇದೆ? ಮಂಗಳಾರತಿನಾ, ಪ್ರಸಾದನಾ?"

"ಮಧ್ಯಾಹ್ನ ಗುಡಿ ಬಾಗಿಲು ಹಾಕ್ತಾರಲ್ಲೇ, ಆ ಹೊತ್ತಲ್ಲಿ ಕೋಟೆ ಹತ್ತೋಣ."

"ಚೆನ್ನಾಗಿದೆ! ದೇವರು ನೆರಳಲ್ಲಿ ಮಲಗೋದು, ನಾನು ಬಿಸಿಲಲ್ಲಿ ಬಂಡೆ ಹತ್ತೋದು!"

ಕೊನೆಗೆ ಬೆಳಿಗ್ಗೆ ಗುಡಿ, ಸಂಜೆ ಕೋಟೆ ಎಂದು ರಾಜಿಯಾಯಿತು. "ಮೂವತ್ತು ವರ್ಷ ಬೋರ್ಡಿನ ಮೇಲೆ ದುರ್ಗದ ಕೋಟೆ ಬರೆದಿದೀನಿ ಮಂಗಳಾ, ಒಂದ್ಸಲನೂ ನೋಡಿಲ್ಲ," ಎಂದರು ಮೇಷ್ಟ್ರು. ನನ್ನ ಒಳಗೂ ಏನೋ ಮಿಸುಕಿತು. ನಾನೂ ನೋಡಿರಲಿಲ್ಲ. ಕೋಟೆ ಹಾಗಿರಲಿ, ರಸ್ತೆಯನ್ನೇ ಮುಟ್ಟಿರಲಿಲ್ಲ.

ಹೊರಡುವ ದಿನ ಪೂಜೆ. ನಾಲ್ವರಿಗೂ ಅರಿಶಿನ, ಕುಂಕುಮ, ಅಡಿಯಲ್ಲಿ ಒಂದೊಂದು ನಿಂಬೆಹಣ್ಣು. "ಐದು ತಂದಿದೀನಿ," ಎಂದು ಅಮ್ಮ ಹೇಳಿದ್ದು ಕೇಳಿಸಿತು. ನಾನು ಉಬ್ಬಿಹೋದೆ. ಐದನೆಯದು ಹೋಗಿದ್ದು ಚಿತ್ರಾನ್ನಕ್ಕೆ! ಆ ಡಬ್ಬಿಯನ್ನೂ ತಂದು ನನ್ನ ಎದೆಯ ಮೇಲೇ ಇಟ್ಟರು.

ದಾರಿಯುದ್ದಕ್ಕೂ ನನ್ನ ಹೊಟ್ಟೆ ಉರಿಯಿತು. ಮೇಲುಕೋಟೆಯ ತಂಪು, ಬೇಲೂರಿನ ಬೀದಿ, ಮಂಜರಾಬಾದಿನ ಮಣ್ಣು ಎಲ್ಲ ಆ ನಾಲ್ವರಿಗೆ. ರಾತ್ರಿ ತಂಗಿದಲ್ಲೂ ಅವರದು ಅದೇ ಬಡಾಯಿ. 'ಒಬ್ಬನಿಗಾದರೂ ಮೊಳೆ ಚುಚ್ಚಲಿ' ಎಂದು ಬೇಡಿಕೊಂಡೆ. ಅಷ್ಟು ಗುಡಿಗಳ ಬಾಗಿಲಿಗೆ ಹೋಗಿದ್ದೆವಲ್ಲ, ಯಾವ ದೇವರೋ ಕೇಳಿಸಿಕೊಂಡ.

ದುರ್ಗ ಇನ್ನೇನು ಬಂತು ಎನ್ನುವಾಗ ಹಿಂದಿನ ಬಲಗಡೆಯವನು ಬುಸ್ಸೆಂದ. ಮೇಷ್ಟ್ರು ಗಂಟುಮೂಟೆ ಇಳಿಸಿ, ಚಾಪೆ ಎತ್ತಿ, ನನ್ನನ್ನು ಹೊರಗೆಳೆದರು. ಬಿಸಿಲು! ಹೆಬ್ಬೆರಳಿನಿಂದ ಒತ್ತಿ ನೋಡಿದವರ ಮುಖ ಕಪ್ಪಿಟ್ಟಿತು.

"ನಾಕಕ್ಕೂ ಗಾಳಿ ಹಿಡ್ಸಿದೆ. ಇದೊಂದನ್ನ ಮರೆತೆ ಕಣೇ. ಕೋಟೆ ಬಾಗಿಲು ಹಾಕಿಬಿಡ್ತಾರೆ."

"ನಿಂಬೆಹಣ್ಣಿಡೋವಾಗ ನಾನೂ ಮರೆತೆ ಬಿಡಿ. ನೂಕಿ, ಅಲ್ಲೇ ಪಂಕ್ಚರ್ ಅಂಗಡಿ ಕಾಣ್ತಿದೆ. ಬಿಸಿಲಲ್ಲಿ ಹತ್ತಿಸ್ತೀನಿ ಅಂದಿದ್ರಲ್ಲ, ಈಗ ಉರುಳಿಸಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಮ್ಮನೂ ಕೈಹಾಕಿದರು. ಹಾಗೆ ನಾನು ಮೊದಲ ಸಲ ರಸ್ತೆ ಮುಟ್ಟಿದೆ, ಹೊಸದಾಗಿ ನಡೆಯುವ ಕೂಸಿನಂತೆ ತಟ್ಟಾಡುತ್ತಾ. ಒಮ್ಮೆ ಕೋಟೆ ಮೇಲೆ, ಆಕಾಶ ಕೆಳಗೆ. ಮತ್ತೊಮ್ಮೆ ಆಕಾಶ ಮೇಲೆ, ಕೋಟೆ ಕೆಳಗೆ.

ಅಂಗಡಿಯ ದಾದಾಪೀರ್ ನನ್ನನ್ನು ತಿರುಗಿಸಿ ನೋಡಿದ. "ಇದಕ್ಕೇನೂ ಆಗಿಲ್ಲ ಸ್ವಾಮಿ. ಹಸಿದೈತೆ ಅಷ್ಟೆ."

ಗಾಳಿ ಉಂಡು ಕಾರಿಗೆ ಹೆಗಲು ಕೊಟ್ಟೆ. ಕೋಟೆಯ ಬಾಗಿಲು ಇನ್ನೂ ತೆರೆದಿತ್ತು. ಆ ಕಲ್ಲುಗಳ ಮುಂದೆ ಮೇಷ್ಟ್ರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. "ಗುಡೀಲೂ ಹೀಗೆ ಕೈಮುಗಿದಿರಲಿಲ್ವಲ್ರೀ," ಎಂದು ಅಮ್ಮ ನಕ್ಕರು.

ಊರಿಗೆ ಬಂದ ಮೇಲೆ ಬಲಗಡೆಯವನು ಪಂಕ್ಚರ್ ಹಾಕಿಸಿಕೊಂಡು ತನ್ನ ಜಾಗಕ್ಕೆ ಹೋದ. ನಾನು ಚಾಪೆಯಡಿಗೆ. ವರ್ಷಗಳು ಕಳೆದವು. ಸವೆಯದೆಯೇ ನನ್ನ ರಬ್ಬರು ಬಿರುಕುಬಿಟ್ಟಿತು. ಕೊನೆಗೆ ಅಮ್ಮ ನನ್ನನ್ನು ಹಿತ್ತಲಿಗೆ ತಂದು, ಒಳಗೆ ಮಣ್ಣು ತುಂಬಿ, ನಿಂಬೆಗಿಡ ನೆಟ್ಟರು.

ಈಗ ಗಿಡ ಕಾಯಿ ಬಿಟ್ಟಿದೆ. ನಿನ್ನೆ ಬಾದಾಮಿಗೆ ಹೊರಟರು. ಅಮ್ಮ ನನ್ನ ಮಡಿಲಿನಿಂದ ನಾಲ್ಕು ಹಣ್ಣು ಕಿತ್ತು, ನಾಲ್ಕು ಹೆಜ್ಜೆ ನಡೆದು, ಮತ್ತೆ ತಿರುಗಿ ಬಂದು ಇನ್ನೊಂದು ಕಿತ್ತರು.

"ಡಿಕ್ಕಿ ತೆಗೀರಿ," ಎಂದರು. "ಅವನಿಗೂ ಒಂದು ಇಡ್ತೀನಿ."

ಹೊಸ ಸ್ಟೆಪ್ನಿ! ರಸ್ತೆಯ ಮುಖ ಕಂಡವನಲ್ಲ, ಇನ್ನೂ ಏನೂ ಮಾಡಿದವನಲ್ಲ. ಅವನಿಗೆ ಕುಂಕುಮ, ಅವನಿಗೆ ನಿಂಬೆಹಣ್ಣು, ಅದೂ ನನ್ನ ಗಿಡದ್ದು! ಹೊಟ್ಟೆ ಉರಿಯಿತು. ಆದರೂ ಆ ಐದನೆಯ ಹಣ್ಣೇ ಎಲ್ಲಕ್ಕಿಂತ ದೊಡ್ಡದಾಗಿತ್ತು, ನಾನೇ ನೋಡಿದೆ.